ಎಂಜಿನ್ ಬಿಚ್ಚಿದ ಮೇಲೆ ಯಾವುದು ಹೊಸದು, ಯಾವುದು ಹಳೆಯದೇ ಸಾಕು?

ಪ್ರಶ್ನೆ: ನಮ್ಮದು 1.3 ಲೀಟರಿನ ಟರ್ಬೊ ಡೀಸೆಲ್ ಕಾರು, ಟೈಮಿಂಗ್ ಚೈನ್ ಇರುವಂಥದ್ದು. 2 ಲಕ್ಷ 10 ಸಾವಿರ ಕಿ.ಮೀ. ಓಡಿದೆ. ಸಾವಿರ ಕಿ.ಮೀ.ಗೆ ಸುಮಾರು ಒಂದು ಲೀಟರ್ ಆಯಿಲ್ ಕುಡಿಯುತ್ತದೆ, ಏರಿನಲ್ಲಿ ನೀಲಿ ಹೊಗೆ ಬಿಡುತ್ತದೆ. ಒಬ್ಬ ಮಿಸ್ತ್ರಿ ‘ರಿಂಗ್ ಹಾಕಿದ್ರ ಸಾಕ್ರೀ’ ಅನ್ನುತ್ತಾರೆ. ಇನ್ನೊಬ್ಬರು ‘ಬೋರ್, ಪಿಸ್ಟನ್, ಕ್ರ್ಯಾಂಕ್ ಎಲ್ಲಾ ಒಮ್ಮೆಲೆ ಮಾಡಿಸಿಬಿಡ್ರಿ’ ಅನ್ನುತ್ತಾರೆ. ಯಾರ ಮಾತು ಕೇಳಬೇಕು?
– ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಅಳತೆ ಮಾಡದೆ ಇಬ್ಬರಲ್ಲಿ ಯಾರ ಮಾತನ್ನೂ ಒಪ್ಪಬೇಡಿ. (ಪಿಸ್ಟನ್ ಓಡಾಡುವ ಸಿಲಿಂಡರಿನ ರಂಧ್ರವೇ ಬೋರ್; ಪಿಸ್ಟನ್ ಸುತ್ತಲಿನ ಬಳೆ ರಿಂಗ್.) ಎಂಜಿನ್ ಇಳಿಸುವ ಮೊದಲು ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಸಾಧನ) ನೋಡಿಸಿ. ಅದರ ಸೀಲ್ ಹೋಗಿದ್ದರೂ ಇದೇ ಹೊಗೆ, ಇದೇ ಆಯಿಲ್ ಖರ್ಚು. ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಪೈಪಿನೊಳಗೆ ಎಣ್ಣೆಯ ಪಸೆ ಇರುವುದು ಸಹಜ. ಸುರಿಯುವಷ್ಟು ನಿಂತಿದ್ದರೆ, ಶಾಫ್ಟ್ ಅಲುಗಾಡಿಸಿದಾಗ ರೆಕ್ಕೆ ಕವಚಕ್ಕೆ ತಾಗುತ್ತಿದ್ದರೆ ಟರ್ಬೊ ಹೋಗಿದೆ. ಜೊತೆಗೆ ಗ್ಲೋ ಪ್ಲಗ್ ತೂತಿನಲ್ಲಿ ಗೇಜ್ ಹಾಕಿಸಿ ನಾಲ್ಕೂ ಸಿಲಿಂಡರಿನ ಕಂಪ್ರೆಷನ್ (ಒಳಗಿನ ಗಾಳಿಯ ಒತ್ತಡ) ಬರೆದುಕೊಳ್ಳಿ. ಮೂರರಲ್ಲಿ 26 ಬಾರ್ ಬಂದು ಒಂದರಲ್ಲಿ 19 ಬಂದರೆ ತೊಂದರೆ ಆ ಒಂದರಲ್ಲಿದೆ. ಅದು ರಿಂಗೋ ವಾಲ್ವೋ ಎಂಬುದನ್ನು ಲೀಕ್-ಡೌನ್ ಟೆಸ್ಟ್ ಹೇಳುತ್ತದೆ: ಬಿಟ್ಟ ಗಾಳಿ ಆಯಿಲ್ ಕ್ಯಾಪಿನಿಂದ ಬಂದರೆ ರಿಂಗ್, ಸೈಲೆನ್ಸರಿನಿಂದ ಬಂದರೆ ಎಕ್ಸಾಸ್ಟ್ ವಾಲ್ವ್.

ರಿಂಗ್ ಕಡೆಯದೇ ತಪ್ಪು ಅಂತಾದರೆ ಬಿಚ್ಚಿಸಿ. ಪ್ರತಿ ಬೋರನ್ನೂ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಡಯಲ್ ಗೇಜಿನಿಂದ ಅಳೆಯಬೇಕು. ನಾಲ್ಕಕ್ಕೆ ಒಟ್ಟು 24 ಅಳತೆ. ಸವೆತ ಹೆಚ್ಚಿರುವುದು ಮೇಲಿನ ರಿಂಗ್ ಬಂದು ತಿರುಗುವ ಜಾಗದಲ್ಲಿ. ಅಂತಿಮ ಮಿತಿ ಆ ಎಂಜಿನ್ನಿನ ಮ್ಯಾನುಯಲ್‌ನಲ್ಲಿರುತ್ತದೆ. ಆದರೂ ಸಣ್ಣ ಕಾರುಗಳಲ್ಲಿ ಅಂಡಾಕಾರ (ಎರಡು ದಿಕ್ಕಿನ ಅಳತೆಯ ವ್ಯತ್ಯಾಸ) ಅಥವಾ ಇಳಿಜಾರು (ಮೇಲೆ-ಕೆಳಗಿನ ಅಳತೆಯ ವ್ಯತ್ಯಾಸ) 0.1 ಮಿ.ಮೀ. ಮುಟ್ಟಿದ್ದರೆ ಬರೀ ರಿಂಗ್ ಹಾಕುವುದು ದಂಡ. ಹೊಸ ರಿಂಗ್ ದುಂಡಗಿರುತ್ತದೆ, ಬೋರ್ ದುಂಡಗಿಲ್ಲ. ಕೆಲವೇ ತಿಂಗಳಲ್ಲಿ ಹೊಗೆ ಮತ್ತೆ ಬರುತ್ತದೆ. ಮಿತಿಯೊಳಗಿದ್ದರೆ ಹೋನಿಂಗ್ (ಬೋರಿನ ಗೋಡೆಗೆ ಸಣ್ಣ ಗೀರು ಹಾಕುವ ಉಜ್ಜಾಟ) ಮಾಡಿಸಿ ಹೊಸ ರಿಂಗ್ ಹಾಕಿಸಿ. ಹೋನಿಂಗ್ ಬಿಡಲೇಬಾರದು. ಕನ್ನಡಿಯಂತೆ ನುಣುಪಾದ ಗೋಡೆಯಲ್ಲಿ ಎಣ್ಣೆ ನಿಲ್ಲುವುದಿಲ್ಲ, ರಿಂಗ್ ಕೂರುವುದಿಲ್ಲ.

ಪಿಸ್ಟನ್ ಹಳೆಯದೇ ಇಡುವುದಾದರೆ ಹೊಸ ರಿಂಗನ್ನು ಅದರ ತೋಡಿನಲ್ಲಿ (ಗ್ರೂವ್) ಕೂರಿಸಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ತೂರಿಸಿ ನೋಡಬೇಕು. ಮೈ ಹೊಳೆಯುತ್ತಿದ್ದರೂ ಮೇಲಿನ ತೋಡು ಅಗಲವಾಗಿದ್ದರೆ ಆ ಪಿಸ್ಟನ್ ಬೇಡ. ಬೋರ್ ಮಾಡಿಸಬೇಕಾಗಿ (ರಂಧ್ರವನ್ನು ಕೊರೆದು ದೊಡ್ಡದು ಮಾಡಬೇಕಾಗಿ) ಬಂದರೆ ಒಂದು ಮುಖ್ಯ ಮಾತು: ಓವರ್‌ಸೈಜ್ ಪಿಸ್ಟನ್ ಸಿಗುತ್ತದೆಯೇ ಎಂದು ಮೊದಲು ವಿಚಾರಿಸಿ. ಪಿಸ್ಟನ್ ತಂದು ಲೇತ್‌ನವರ ಕೈಗೆ ಕೊಟ್ಟ ಮೇಲೆಯೇ ಸಿಲಿಂಡರ್‌ಗಳಿರುವ ಬ್ಲಾಕ್‌ಗೆ ಕೈ ಹಾಕಬೇಕು; ಅವರು ಪಿಸ್ಟನ್ ಅಳೆದು ಅದಕ್ಕೆ ತಕ್ಕಂತೆ ಬೋರ್ ಕೊಡುತ್ತಾರೆ. ಸಿಗದಿದ್ದರೆ ಬೋರಿನೊಳಗೆ ಸ್ಲೀವ್ (ತೆಳು ಲೋಹದ ಕೊಳವೆ) ಹಾಕಿಸಿ ಸ್ಟ್ಯಾಂಡರ್ಡ್ ಪಿಸ್ಟನ್ ಹಾಕಬಹುದು.

ಕ್ರ್ಯಾಂಕ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ಶಾಫ್ಟ್) ‘ಎಲ್ಲದರ ಜೊತೆಗೆ’ ಮಾಡಿಸುವ ಕೆಲಸವಲ್ಲ. ಅದರ ಜರ್ನಲ್ (ಬೇರಿಂಗ್ ಕೂರುವ ನಯವಾದ ಭಾಗ) ಮೇಲೆ ಉಗುರು ಎಳೆದಾಗ ಗೀರು ತಡೆಯದಿದ್ದರೆ, ಮೈಕ್ರೋಮೀಟರ್ ಅಳತೆ ಸರಿಯಿದ್ದರೆ, ಸ್ಟ್ಯಾಂಡರ್ಡ್ ಬೇರಿಂಗ್ ಹಾಕಿ ಮುಟ್ಟದೆ ಬಿಡಿ. ಸುಮ್ಮನೆ ಗ್ರೈಂಡ್ ಮಾಡಿದರೆ ಮೇಲಿನ ಗಟ್ಟಿ ಪದರ ಹೋಗಬಹುದು.

ಇನ್ನು ಕೆಲವು ಭಾಗಗಳಿಗೆ ಅಳತೆಯೇ ಬೇಡ, ಬಿಚ್ಚಿದ ಮೇಲೆ ಹೊಸದೇ: ಮೇನ್ ಬೇರಿಂಗ್ (ಕ್ರ್ಯಾಂಕ್ ಕೂರುವೆಡೆಯದು) ಮತ್ತು ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ಸೇರುವೆಡೆಯದು), ಹೆಡ್ ಗ್ಯಾಸ್ಕೆಟ್, ವಾಲ್ವ್ ಸೀಲ್, ಕ್ರ್ಯಾಂಕಿನ ಹಿಂದು-ಮುಂದಿನ ಆಯಿಲ್ ಸೀಲ್, ಇಂಜೆಕ್ಟರ್ ಕೆಳಗಿನ ತಾಮ್ರದ ವಾಷರ್, ಟೈಮಿಂಗ್ ಚೈನ್ ಜೊತೆಗೆ ಟೆನ್ಷನರ್, ಗೈಡ್. ಟಾರ್ಕ್ ಕೊಟ್ಟ ಮೇಲೆ ಡಿಗ್ರಿ ಲೆಕ್ಕದಲ್ಲಿ ತಿರುಗಿಸುವ ಹೆಡ್ ಬೋಲ್ಟ್‌ಗಳು ಒಮ್ಮೆ ಹಿಗ್ಗಿದರೆ ಮುಗಿಯಿತು, ಅವೂ ಹೊಸವೇ. ವಾಟರ್ ಪಂಪ್ ಚೆನ್ನಾಗಿದ್ದರೂ ಬದಲಿಸಿ. ಮುಂದೆ ಅದೊಂದಕ್ಕಾಗಿ ಮತ್ತೆ ಬಿಚ್ಚಿಸುವ ಕೂಲಿ ಪಂಪಿನ ಬೆಲೆಗಿಂತ ಹೆಚ್ಚಾದೀತು. ಗೇರ್ ಬಾಕ್ಸ್ ಹೇಗೂ ಇಳಿದಿರುತ್ತದೆ, ಕ್ಲಚ್ ಪ್ಲೇಟ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ರಿಲೀಸ್ ಬೇರಿಂಗ್ ಸಮೇತ ಹಾಕಿಸಿ.

ಇಂಜೆಕ್ಟರ್‌ಗಳನ್ನು ಟೆಸ್ಟ್ ಬೆಂಚಿಗೆ ಕಳಿಸಿ. ಹೊಸತು ಕೊಳ್ಳುವುದೋ ಬೇಡವೋ ಅಲ್ಲೇ ಗೊತ್ತಾಗುತ್ತದೆ. ಡೀಸೆಲ್ ತೊಟ್ಟಿಕ್ಕಿಸುವ ಒಂದು ಇಂಜೆಕ್ಟರ್ ಬೋರಿನ ಎಣ್ಣೆ ತೊಳೆದು ಹೊಸ ರಿಂಗನ್ನೇ ತಿಂದುಹಾಕುತ್ತದೆ. ಆಯಿಲ್ ಪಂಪ್ ಸವೆತವನ್ನೂ ಅಳೆಸಿ. ಕನೆಕ್ಟಿಂಗ್ ರಾಡ್ ನೇರವಾಗಿದ್ದರೆ, ಕ್ಯಾಮ್ ಶಾಫ್ಟಿನಲ್ಲಿ ಗುಳಿ ಇಲ್ಲದಿದ್ದರೆ ಹಾಗೇ ಇರಲಿ. ವಾಲ್ವ್ ಸುಡದಿದ್ದರೆ ಅರೆದು ಕೂರಿಸಿದರೆ ಸಾಕು.

ಪ್ರಶ್ನೆ: ಪೆಟ್ರೋಲ್ ಕಾರು ದಾರಿಯಲ್ಲಿ ಹೀಟ್ ಆಗಿ ನಿಂತಿತು. ಆಯಿಲ್ ಹಾಲಿನ ಚಹಾದ ಬಣ್ಣಕ್ಕೆ ತಿರುಗಿದೆ. ಹೆಡ್ ಫೇಸಿಂಗ್ ಮಾಡಿಸಿ ಗ್ಯಾಸ್ಕೆಟ್ ಹಾಕಿದರೆ ಸಾಕೇ?
– ಬೆಟಗೇರಿ, ಗದಗ

ಉತ್ತರ: ಸಾಲದು. ಫೇಸಿಂಗಿಗೆ (ಹೆಡ್ಡಿನ ತಳವನ್ನು ಅರೆದು ಸಮ ಮಾಡುವುದಕ್ಕೆ) ಮೊದಲು ಹೆಡ್ ಬಿರುಕು ಬಿಟ್ಟಿದೆಯೇ ಎಂದು ಪ್ರೆಷರ್ ಟೆಸ್ಟ್ ಮಾಡಿಸಿ. ಬಿರುಕಿದ್ದರೆ ಫೇಸಿಂಗಿನ ಹಣ ನೀರಿಗೆ ಹಾಕಿದಂತೆ. ಸ್ಟ್ರೇಟ್ ಎಡ್ಜ್ ಇಟ್ಟಾಗ 0.05 ಮಿ.ಮೀ. ಫೀಲರ್ ತೂರದಿದ್ದರೆ ಫೇಸಿಂಗ್ ಬೇಕಿಲ್ಲ. ಬ್ಲಾಕಿನ ಮುಖವನ್ನೂ ಹೀಗೆಯೇ ನೋಡಿಸಿ, ಬಹಳ ಜನ ಇದನ್ನು ಮರೆಯುತ್ತಾರೆ. ನೀರು ಬೆರೆತ ಆಯಿಲ್‌ನಲ್ಲಿ ಓಡಿದ್ದರಿಂದ ಸಂಪ್ (ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಇಳಿಸಿ ಒಂದೆರಡು ಬಿಗ್ ಎಂಡ್ ಬೇರಿಂಗ್ ಬಿಚ್ಚಿ ನೋಡಬೇಕು. ತಾಮ್ರದ ಬಣ್ಣ ಕಂಡರೆ ಪೂರ್ತಿ ಸೆಟ್ ಬದಲಿಸಿ. ಜೋಡಿಸಿದ ಮೇಲೆ ಅಗ್ಗದ ಆಯಿಲ್ ಹಾಕಿ 15 ನಿಮಿಷ ಓಡಿಸಿ ಚೆಲ್ಲಿ, ಫಿಲ್ಟರ್ ಸಮೇತ ಸರಿಯಾದ ಆಯಿಲ್ ಹಾಕಿ.

ಹೀಟ್ ಯಾಕಾಯಿತು ಎಂಬುದನ್ನು ಹುಡುಕದಿದ್ದರೆ ಹೊಸ ಗ್ಯಾಸ್ಕೆಟ್ಟೂ ಉಳಿಯದು. ನಮ್ಮ ಕಡೆ ಬೋರ್‌ವೆಲ್ಲಿನ ಗಡಸು ನೀರನ್ನೇ ರೇಡಿಯೇಟರಿಗೆ ತುಂಬುವ ರೂಢಿ ಇದೆ. ಕೊಡದ ಅಡಿಗೆ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ರೇಡಿಯೇಟರ್ ಚೋಕ್ ಆಗಿದ್ದರೆ ಬದಲಿಸಿ; ಥರ್ಮೋಸ್ಟಾಟ್, ರೇಡಿಯೇಟರ್ ಕ್ಯಾಪ್ ಎರಡೂ ಹೊಸದು ಹಾಕಿ, ಫ್ಯಾನ್ ತಾನಾಗಿ ಚಾಲೂ ಆಗುತ್ತದೆಯೇ ನೋಡಿ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಪಾಲು. ಥರ್ಮೋಸ್ಟಾಟ್ ತೆಗೆದುಹಾಕುವ ಸಲಹೆ ಬಂದರೆ ಒಪ್ಪಬೇಡಿ. ಎಂಜಿನ್ ಸರಿಯಾದ ಬಿಸಿಗೆ ಬರದೆ ಪೆಟ್ರೋಲೂ ಹೆಚ್ಚು ಕುಡಿಯುತ್ತದೆ, ಬೋರೂ ಸವೆಯುತ್ತದೆ.

ಪ್ರಶ್ನೆ: ಮೆಣಸಿನಕಾಯಿ ಹೇರುವ ಡೀಸೆಲ್ ಪಿಕಪ್‌ಗೆ ಬೋರ್ ಪಿಸ್ಟನ್ ಆಗಿದೆ. ಎಷ್ಟು ದಿನ ನಿಧಾನ ಓಡಿಸಬೇಕು?
– ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ಮೊದಲ 1000 ಕಿ.ಮೀ. ಪೂರ್ತಿ ಲೋಡ್ ಬೇಡ. ಹಾಗಂತ ಐಡಲಿಂಗಿನಲ್ಲಿ ಗಂಟೆಗಟ್ಟಲೆ ಬಿಡುವುದು ಇನ್ನೂ ಕೆಟ್ಟದ್ದು; ರಿಂಗ್ ಗೋಡೆಗೆ ಒತ್ತಿ ಕೂರಲು ಒತ್ತಡ ಬೇಕು. ಅರ್ಧ ಲೋಡಿನಲ್ಲಿ ವೇಗ ಏರಿಸುತ್ತ ಇಳಿಸುತ್ತ ಓಡಿಸಿ. 1000ಕ್ಕೆ ಆಯಿಲ್, ಫಿಲ್ಟರ್ ಬದಲಿಸಿ. ಏರ್ ಫಿಲ್ಟರಿನಿಂದ ಟರ್ಬೊಗೆ ಹೋಗುವ ರಬ್ಬರ್ ಪೈಪ್ ಇಂದೇ ಬಿಚ್ಚಿ ಒಳಗೆ ಬೆರಳಾಡಿಸಿ. ಧೂಳು ಹತ್ತಿದರೆ ಪೈಪ್ ಸೀಳಿದೆ ಅಥವಾ ಕ್ಲಿಪ್ ಸಡಿಲವಿದೆ. ಹಳೆಯ ಬೋರ್ ಸವೆದದ್ದೂ ಈ ಧೂಳಿನಿಂದಲೇ ಇರಬಹುದು, ಹೊಸದೂ ಹಾಗೇ ಹೋದೀತು.

ಪ್ರಶ್ನೆ: ಡುಪ್ಲಿಕೇಟ್ ಪಾರ್ಟ್ಸ್ ಹಾಕಿ ಹಣ ಉಳಿಸಬಹುದೇ?
– ಧಾರವಾಡ

ಉತ್ತರ: ಬೇರಿಂಗ್, ರಿಂಗ್, ಹೆಡ್ ಗ್ಯಾಸ್ಕೆಟ್, ಚೈನ್ ಇವುಗಳಲ್ಲಿ ಬೇಡ. ಹೋಸ್, ಬೆಲ್ಟ್‌ಗಳಿಗೆ ಒಳ್ಳೆಯ ಹೆಸರಿನ ಬೇರೆ ಕಂಪನಿಯದು ನಡೆಯುತ್ತದೆ. ಪಾರ್ಟ್ ನಂಬರ್ ಇರುವ ಬಿಲ್ ಕೇಳಿ ಪಡೆಯಿರಿ, ತೆಗೆದ ಹಳೆಯ ಭಾಗಗಳನ್ನು ನಿಮ್ಮ ಡಿಕ್ಕಿಯಲ್ಲೇ ಹಾಕಿಸಿಕೊಳ್ಳಿ.