ಬಾಳೆಯ ಅಡಿಯಲ್ಲಿ ಏನು ಬೆಳೆಯಲಿ?

ಪ್ರಶ್ನೆ: ಗೋವಾದ ಫೋಂಡಾದಲ್ಲಿ ಮನೆಯ ಹಿಂದೆ 10 ಬಾಳೆ ನೆಟ್ಟಿದ್ದೇವೆ. ಮಳೆಗೆ ಕೆಂಪು ಮಣ್ಣು ಕೊಚ್ಚಿ ಹೋಗುತ್ತಿದೆ. ಅಡಿಯಲ್ಲಿ ಸೌತೆ ಬಳ್ಳಿ ಬಿಡಬಹುದೇ?

ಉತ್ತರ: ಸೌತೆ ಬೇಡ, ಕುಂಬಳವೂ ಬೇಡ. ಸೌತೆಯ ಮೊಸಾಯಿಕ್ ವೈರಸ್ ಬಾಳೆಗೂ ತಗಲುತ್ತದೆ, ಸಸ್ಯಹೇನುಗಳು ಅದನ್ನು ಹೊತ್ತು ತರುತ್ತವೆ. ಗಿಡ ಚಿಕ್ಕದಿದ್ದು ಬಿಸಿಲು ನೆಲಕ್ಕೆ ಬೀಳುವಾಗಲೇ ಅಲಸಂದೆ ಬಿತ್ತಿ. ಅದರ ಬೇರಿನ ಗಂಟುಗಳು ಗಾಳಿಯ ಸಾರಜನಕ ಹಿಡಿಯುತ್ತವೆ, ಎಲೆ ಮಣ್ಣನ್ನು ಮುಚ್ಚುತ್ತದೆ, ಹೂ ಬರುವ ಹೊತ್ತಿಗೆ ಕೊಯ್ದು ಅಲ್ಲೇ ಹರಡಿದರೆ ಒಳ್ಳೆ ಗೊಬ್ಬರ. ಆಳವಾಗಿ ಅಗೆಯಬೇಡಿ, ಬಾಳೆಯ ಬೇರು ಮೇಲ್ಮಣ್ಣಲ್ಲೇ ಜಾಸ್ತಿ ಅಲ್ವಾ. ನೆರಳು ಬಂದ ಮೇಲೆ ಅರಿಶಿನ, ಶುಂಠಿ, ಕೆಸು ಆಗುತ್ತದೆ. ನನಗಂತೂ ಕೆಸುವೇ ಇಷ್ಟ, ಪತ್ರೊಡೆಗೆ ಎಲೆ ಸಿಗುತ್ತದೆ. ಬುಡಕ್ಕೆ ತೀರಾ ಹತ್ತಿರ ಮಾತ್ರ ನೆಡಬೇಡಿ.