ಹದಿನೇಳು ಅಡಿ ಸುರುಳಿ, ಹನ್ನೆರಡು ಅಡಿ ಗೋಡೆ

ಪ್ರಶ್ನೆ: ಸೋಫಾದ ಹಿಂದಿನ 12 ಅಡಿ ಗೋಡೆಗೆ ಚೀನಾದ ‘ಚಿಂಗ್‌ಮಿಂಗ್ ಹಬ್ಬದ ನದಿತೀರ’ ಸುರುಳಿಚಿತ್ರವನ್ನು ಪೂರ್ತಿ ಹಾಕಿಸಬೇಕು. ಎರಡು ಅಡಿ ಎತ್ತರಕ್ಕೆ ಮಾಡಿಕೊಡುತ್ತೇವೆ ಎನ್ನುತ್ತಾರೆ ಪ್ರಿಂಟಿಂಗ್‌ನವರು. ಸರಿಯೇ?

ಉತ್ತರ: ಅಲ್ಲ. ಈ ಪ್ರಶ್ನೆ ಬರುತ್ತಲೇ ಇರುತ್ತದೆ, ಲೆಕ್ಕ ಮಾತ್ರ ಯಾರೂ ಹಾಕುವುದಿಲ್ಲ. ಬೀಜಿಂಗ್‌ನ ಅರಮನೆ ವಸ್ತುಸಂಗ್ರಹಾಲಯದಲ್ಲಿರುವ ಚಿತ್ರಕಾರ ಝಾಂಗ್ ಝೆದುವಾನ್‌ನ ಮೂಲ 24.8 ಸೆಂ.ಮೀ. ಎತ್ತರ, 528 ಸೆಂ.ಮೀ. ಉದ್ದ. 12 ಅಡಿಗೆ ಇಳಿಸಿದರೆ ಎತ್ತರ 17 ಸೆಂ.ಮೀ., ಒಂದು ಗೇಣೂ ಇಲ್ಲ. ಅದನ್ನು ಎರಡು ಅಡಿಗೆ ಎಳೆದರೆ ಎತ್ತರ ಮಾತ್ರ ಮೂರೂವರೆ ಪಟ್ಟು ಹಿಗ್ಗಿ, ಚಿತ್ರದ ಜನರೆಲ್ಲ ನುಗ್ಗೇಕಾಯಿ ಆಗುತ್ತಾರೆ.

ಇದು ಗೋಡೆಯ ಚಿತ್ರವೇ ಅಲ್ಲ. ಮೇಜಿನ ಮೇಲಿಟ್ಟು, ಬಲದಿಂದ ಎಡಕ್ಕೆ, ಎರಡು ಕೈ ಹಿಡಿಯುವಷ್ಟೇ ಬಿಚ್ಚಿ ನೋಡಿ ಸುತ್ತಿಡುವಂಥದ್ದು. ಗೋಡೆಗೂ ಅಷ್ಟನ್ನೇ ತೆಗೆದುಕೊಳ್ಳಿ: ನಡುವಿನ ಕಮಾನು ಸೇತುವೆ. ಕೆಳಗೆ ದೋಣಿಯವರು ಪಟಸ್ತಂಭ ಮಲಗಿಸುವ ಗಡಿಬಿಡಿಯಲ್ಲಿದ್ದಾರೆ, ಮೇಲೆ ಜನ ಕಟಕಟೆಗೆ ಬಗ್ಗಿ ಕೂಗುತ್ತಿದ್ದಾರೆ. ಸುರುಳಿಯ ಪೂರ್ತಿ ಎತ್ತರ ಉಳಿಸಿಕೊಂಡು 75 ಸೆಂ.ಮೀ. ಅಗಲ ಕತ್ತರಿಸಿ, ಎರಡು ಪಟ್ಟು ಹಿಗ್ಗಿಸಿದರೆ 50×150 ಸೆಂ.ಮೀ. ಸೋಫಾ ಮೇಲೆ ಹದವಾಗಿ ಕೂರುತ್ತದೆ. ಫೈಲಿನ ಎತ್ತರ 4,000 ಪಿಕ್ಸೆಲ್ ಇದ್ದರೆ ಇಂಚಿಗೆ 200 ಸಿಗುತ್ತದೆ. 1,500 ಪಿಕ್ಸೆಲ್ಲಿನ ಫೈಲ್ ಕೊಟ್ಟು ಮುಖಗಳೆಲ್ಲ ಮಸಿ ಎಂದು ಆಮೇಲೆ ದೂರಬೇಡಿ.

ರೇಷ್ಮೆಯ ಮೇಲೆ ಮುದ್ರಿಸಿದ್ದರೆ ಹಿಂಬದಿಗೆಲ್ಲ ಡಬಲ್ ಟೇಪ್ ಹಾಕಲು ಬಿಡಬೇಡಿ. ಮಳೆಗಾಲದಲ್ಲಿ ರೇಷ್ಮೆ ಹಿಗ್ಗುತ್ತದೆ, ಟೇಪ್ ಬಿಡುವುದಿಲ್ಲ, ನೆರಿಗೆ ಬೀಳುತ್ತದೆ. ಮೇಲಂಚಿಗೆ ಮಾತ್ರ ತೆಳು ಕಾಗದದ ಮೂರು ಪಟ್ಟಿ, ಗೋಧಿ ಗಂಜಿಯ ಅಂಟು. ಹಿಂದೆ ಆಮ್ಲರಹಿತ ಬೋರ್ಡ್. ಚಿತ್ರಕ್ಕೂ ಮುಚ್ಚುಹಾಳೆಗೂ 5 ಮಿ.ಮೀ. ಅಂತರ ಇರಲಿ, ಇಲ್ಲದಿದ್ದರೆ ತೇವಕ್ಕೆ ಅಂಟಿಕೊಳ್ಳುತ್ತದೆ. ಈ ಅಳತೆಗೆ ಗಾಜು ಬೇಡ. 4 ಮಿ.ಮೀ. ಗಾಜು ಚದರ ಮೀಟರಿಗೆ 10 ಕೆ.ಜಿ., 3 ಮಿ.ಮೀ. ಅಕ್ರಿಲಿಕ್ ಮೂರೂವರೆ. ಲ್ಯಾಮಿನೇಷನ್? ಅದು ರೇಷನ್ ಕಾರ್ಡಿಗೆ.

ಪ್ರಶ್ನೆ: ಚಿತ್ರದ ನೀರು ಮನೆಯೊಳಕ್ಕೆ ಹರಿಯುವಂತಿದ್ದರೆ ದುಡ್ಡು ನಿಲ್ಲುತ್ತದಂತೆ. ಚಿತ್ರವನ್ನು ಎಡ-ಬಲ ತಿರುಗಿಸಿ ಮುದ್ರಿಸಬಹುದೇ?

ಉತ್ತರ: ಬರಹ, ಕೆಂಪು ಮೊಹರು ಎಲ್ಲ ಕನ್ನಡಿಯೊಳಗಿನ ಅಕ್ಷರವಾಗುತ್ತವೆ. ದುಡ್ಡು ನಿಲ್ಲುವುದು ಹಾಗೆ ಹೇಳಿ ಮಾರಿದವರ ಗಲ್ಲಾಪೆಟ್ಟಿಗೆಯಲ್ಲಿ.

ಪ್ರಶ್ನೆ: ರೇಷ್ಮೆಯ ಮೇಲಿದೆ, ಆದ್ದರಿಂದ ಕೈಯಲ್ಲಿ ಬರೆದದ್ದು ಎನ್ನುತ್ತಾರೆ.

ಉತ್ತರ: ಇಂಕ್‌ಜೆಟ್ ರೇಷ್ಮೆಯ ಮೇಲೂ ಓಡುತ್ತದೆ. ಹತ್ತು ಪಟ್ಟಿನ ಭೂತಗನ್ನಡಿ ಹಿಡಿಯಿರಿ, ಗೆರೆ ಒಡೆದು ಬಣ್ಣದ ಚುಕ್ಕೆಗಳು ಕಂಡರೆ ಅದು ಪ್ರಿಂಟು.

ಪ್ರಶ್ನೆ: ನಾನು ತರಿಸಿದ, ಚೀನಾದ ಇನ್ನೊಂದು ಸುರುಳಿಚಿತ್ರ ‘ಫುಚುನ್ ಬೆಟ್ಟಗಳು’ ಪ್ರಿಂಟಿನ ಬಲತುದಿಯಲ್ಲಿ ತೇಪೆಗಳಿವೆ. ವಾಪಸ್ ಕಳಿಸಲೇ?

ಉತ್ತರ: ಕಳಿಸಬೇಡಿ. ಹುವಾಂಗ್ ಗೊಂಗ್‌ವಾಂಗ್ 1350ರಲ್ಲಿ ಮುಗಿಸಿದ ಆ ಸುರುಳಿಯನ್ನು 1650ರಲ್ಲಿ ಅದರ ಒಡೆಯ ಸಾಯುವ ಮುನ್ನ ಬೆಂಕಿಗೆ ಹಾಕಿಸಿದ, ಬಂಧುವೊಬ್ಬ ಎಳೆದು ಉಳಿಸಿದ. ಸುತ್ತಿದ್ದಾಗಲೇ ಸುಟ್ಟದ್ದರಿಂದ ಸುತ್ತಿಗೊಂದರಂತೆ ತೂತು ಬಿದ್ದಿದೆ; ಪ್ರಿಂಟಿನಲ್ಲಿ ಕಾಣುವುದು ಮೂಲದ ಆ ತೂತುಗಳ ತೇಪೆ. ಬಲತುದಿಯೇ ಹೊರಸುತ್ತು; ಎಡಕ್ಕೆ, ಒಳಸುತ್ತಿಗೆ ಹೋದಂತೆ ತೇಪೆ ಚಿಕ್ಕದಾಗುವುದನ್ನು ನೀವೇ ಎಣಿಸಬಹುದು.