ಸ್ಕ್ರೂ ಬಿಗಿ ಮಾಡೋಕೆ ಎಷ್ಟು ವೋಲ್ಟ್ ಬೇಕು? ಪುಟ್ಟ ಕಾರ್ಡ್‌ಲೆಸ್ ಸ್ಕ್ರೂಡ್ರೈವರ್ ಬಗ್ಗೆ ನಿಮ್ಮ ಪ್ರಶ್ನೆಗಳು

ಕೈಯಲ್ಲಿ ಹಿಡಿಯೋ ಸಣ್ಣ ಬ್ಯಾಟರಿ ಸ್ಕ್ರೂಡ್ರೈವರ್ ಬಗ್ಗೆ ಬಂದಿರೋ ಪ್ರಶ್ನೆಗಳನ್ನೆಲ್ಲ ಒಟ್ಟಿಗೆ ತಗೊಂಡಿದ್ದೀನಿ. ಒಂದೇ ಥರದವು ಇದ್ರೆ ಸೇರಿಸಿಬಿಟ್ಟಿದ್ದೀನಿ.

ಪ್ರಶ್ನೆ: ಬೆಂಗಳೂರಲ್ಲಿ ಬಾಡಿಗೆ ಮನೆ ನಮ್ಮದು. ಆನ್‌ಲೈನಲ್ಲಿ ತರಿಸಿದ ಶೂ ರ‍್ಯಾಕು, ವಾರ್ಡ್‌ರೋಬು ಎಲ್ಲ ನಾನೇ ಜೋಡಿಸ್ಕೋತೀನಿ. ಅದಕ್ಕೆ 3.6 ವೋಲ್ಟಿಂದು ಸಾಕಾಗುತ್ತಾ? ಅಂಗಡಿಯವರು 12 ವೋಲ್ಟಿಂದೇ ತಗೊಳ್ಳಿ, 3.6ರದ್ದು ಆಟದ ಸಾಮಾನು ಅಂತಾರೆ. ಕರ್ಟನ್ ರಾಡ್ ಕೂಡ ಹಾಕ್ಬೇಕು.

ಮೇಡಂ, ನೀವು ಹೇಳಿದ ಜೋಡಣೆ ಕೆಲಸಕ್ಕೆ 3.6 ಧಾರಾಳ ಸಾಕು. ಕರ್ಟನ್ ರಾಡಿಗೆ ಮಾತ್ರ ಇದೂ ಆಗಲ್ಲ, ಅವರು ಹೇಳಿದ ಸಾಧಾರಣ 12 ವೋಲ್ಟಿನ ಮೆಷಿನ್ನೂ ಸರಿಯಾಗಿ ಆಗಲ್ಲ. ಇಟ್ಟಿಗೆ, ಕಾಂಕ್ರೀಟ್ ಗೋಡೆಗೆ ತೂತು ಹೊಡೀಬೇಕಂದ್ರೆ ಬಿಟ್, ಅಂದ್ರೆ ಮೆಷಿನ್ ಮೂತಿಗೆ ಸಿಗಿಸೋ ಕಡ್ಡಿ, ತಿರುಗಿದ್ರಷ್ಟೇ ಸಾಲದು, ಹಿಂದಿಂದ ಪೆಟ್ಟೂ ಬೀಳ್ಬೇಕು, ಅದಕ್ಕೆ ಹ್ಯಾಮರ್ ಡ್ರಿಲ್ಲೇ ಆಗ್ಬೇಕು. ಬಾಡಿಗೆ ಮನೇಲಿ ವರ್ಷಕ್ಕೆ ನಾಲ್ಕು ತೂತು ಹೊಡೆಯೋಕೆ ಅದನ್ನ ಕೊಂಡು ಅಟ್ಟಕ್ಕೆ ಹಾಕೋದ್ಯಾಕೆ, ಯಾರನ್ನಾದ್ರೂ ಕರ್ಸಿ ಹೊಡೆಸಿ, ಇಲ್ಲಾ ಬಾಡಿಗೆಗೆ ತನ್ನಿ. ಆ ತೂತಲ್ಲಿ ಪ್ಲಾಸ್ಟಿಕ್ ಪ್ಲಗ್ ಕೂತ ಮೇಲೆ ಸ್ಕ್ರೂ ಹಾಕೋಕೆ ನಿಮ್ಮ ಪುಟ್ಟ ಮೆಷಿನ್ನೇ ಸಾಕು.

ಈಗ ಆ ವೋಲ್ಟ್ ಲೆಕ್ಕ. 3.6 ಅಂದ್ರೆ ಒಳಗೆ ಒಂದೇ ಲಿಥಿಯಂ ಸೆಲ್ ಇದೆ ಅಂತ. ಮೂರು ಸೆಲ್ ಸೇರಿದ್ರೆ 10.8, ಅದನ್ನೇ ಫುಲ್ ಚಾರ್ಜಿನಲ್ಲಿ ಅಳೆದು 12 ಅಂತ ಬರೀತಾರೆ, 10.8ರದ್ದೂ 12ರದ್ದೂ ಒಂದೇ ಮೆಷಿನ್ನು. 48 ಅಂತ ದಪ್ಪಕ್ಷರದಲ್ಲಿ ಬರೆದು ಒಳಗೆ 5 ಸೆಲ್ ಹಾಕಿರೋ ಅಗ್ಗದ ಮಾಲೂ ಬರುತ್ತೆ, 5 ಸೆಲ್ಲಿಗೆ ನಿಜವಾಗಿ 18 ವೋಲ್ಟ್. ಹಾಗಾಗಿ ವೋಲ್ಟ್ ಬಿಡಿ, ಟಾರ್ಕ್, ಅಂದ್ರೆ ತಿರುಗಿಸೋ ಬಲ, ಎಷ್ಟು ಅಂತ ನೋಡಿ. ಒಂದು ಸೆಲ್ಲಿನ ಒಳ್ಳೆ ಮೆಷಿನ್ನು 4ರಿಂದ 5 ನ್ಯೂಟನ್ ಮೀಟರ್ ಕೊಡುತ್ತೆ. ಕೆಲವರು ಇದನ್ನೇ ಕೆಜಿ-ಸೆಂಟಿಮೀಟರ್ ಲೆಕ್ಕದಲ್ಲಿ 50 ಅಂತ ಬರೆದಿರ್ತಾರೆ, 50 ನೋಡಿ 5ಕ್ಕಿಂತ ಹತ್ತು ಪಟ್ಟು ಅಂದ್ಕೋಬೇಡಿ, ಎರಡೂ ಹೆಚ್ಚುಕಮ್ಮಿ ಒಂದೇ.

ಈ 4-5 ನ್ಯೂಟನ್ ಮೀಟರ್ ಅಂದ್ರೆ ದಪ್ಪ ಹಿಡಿ ಇರೋ ಸ್ಕ್ರೂಡ್ರೈವರ್ ಹಿಡಿದು ಕೈಯಲ್ಲಿ ಗಟ್ಟಿಯಾಗಿ ತಿರುಗಿಸಿದಾಗ ಬರೋ ಬಲದ ಆಸುಪಾಸೇ. ಅಂದ್ರೆ ಈ ಮೆಷಿನ್ನು ನಿಮಗಿಂತ ದೊಡ್ಡ ಶಕ್ತಿವಂತ ಅಲ್ಲ, ನಿಮ್ಮ ಬದಲು ತಿರುಗುತ್ತೆ ಅಷ್ಟೇ, ಆದ್ರೆ ಆ ತಿರುಗೋದೇ ದೊಡ್ಡ ಉಪಕಾರ. 40 ಮಿಲಿಮೀಟರ್ ಸ್ಕ್ರೂ ಒಂದು ಪೂರ್ತಿ ಒಳಗೆ ಹೋಗೋಕೆ ಸುಮಾರು 20 ಸುತ್ತು ಬೇಕು, ಕೈಯಲ್ಲಾದ್ರೆ ಒಂದೊಂದು ಸುತ್ತು ಬರೋಕೂ ಎರಡು-ಮೂರು ಸಲ ಮಣಿಕಟ್ಟು ತಿರುಚಬೇಕು, ವಾರ್ಡ್‌ರೋಬಿನಷ್ಟು ಸ್ಕ್ರೂ ಹಾಕೋಷ್ಟರಲ್ಲಿ ಅಂಗೈ ಬೊಬ್ಬೆ ಬರುತ್ತೆ. ನಿಮಿಷಕ್ಕೆ 300 ಸುತ್ತಿನ ಮೆಷಿನ್ನಲ್ಲಿ ಅದೇ ಕೆಲಸ ನಾಲ್ಕೈದು ಸೆಕೆಂಡು. 12 ವೋಲ್ಟಿಂದು ಇದರ ನಾಲ್ಕೈದು ಪಟ್ಟು ಬಲ ಕೊಡುತ್ತೆ, ಮರಕ್ಕೆ, ತಗಡಿಗೆ ತೂತೂ ಹೊಡೆಯುತ್ತೆ, ಆದ್ರೆ ತೂಕ ಒಂದು ಕೆಜಿ ಹತ್ತಿರ, ಮತ್ತೆ ಪಾರ್ಟಿಕಲ್ ಬೋರ್ಡಿನ ಶೂ ರ‍್ಯಾಕಿಗೆ ಅಷ್ಟು ಬಲ ಬಿಟ್ರೆ ಸ್ಕ್ರೂ ಬಿಗಿಯಾದ ಮೇಲೂ ತಿರುಗಿ ಬೋರ್ಡು ಒಳಗೇ ಪುಡಿ ಆಗುತ್ತೆ, ಆಮೇಲೆ ಅದು ಹಿಡಿಯೋದೇ ಇಲ್ಲ. ಅದರಲ್ಲಿ ಬರೋ ಗುಂಡಗಿನ ಕ್ಯಾಮ್ ಲಾಕ್ ಇರುತ್ತಲ್ಲ, ಅರ್ಧ ಸುತ್ತು ತಿರುಗಿಸಿ ಲಾಕ್ ಮಾಡೋದು, ಅದಕ್ಕೆ ಯಾವ ಮೆಷಿನ್ನೂ ಬೇಡ, ಕೈಯಲ್ಲೇ ಮಾಡಿ.

ತಗೊಳ್ಳೋವಾಗ ಮೂರು ವಿಷಯ ಬಿಡಬೇಡಿ. ಮುಂದುಗಡೆ ಕ್ಲಚ್ ರಿಂಗ್ ಇರಬೇಕು, ಸ್ಕ್ರೂ ಬೇಕಾದಷ್ಟು ಬಿಗಿಯಾದ ಮೇಲೆ ತಿರುಗೋದನ್ನ ನಿಲ್ಲಿಸೋದು ಅದೇ. ಬಿಟ್ ಹಾಕೋ ಜಾಗ ಕಾಲು ಇಂಚಿನ, ಅಂದ್ರೆ 6.35 ಮಿಲಿಮೀಟರಿನ ಆರುಮೂಲೆ ಇರಬೇಕು, ಯಾವ ಕಂಪನಿ ಬಿಟ್ಟಾದ್ರೂ ಕೂರುತ್ತೆ. ಮತ್ತೆ ಸ್ವಿಚ್ ಬಿಟ್ಟಾಗ ಮೂತಿ ಲಾಕ್ ಆಗ್ಬೇಕು, ಆಗ ಕೊನೇ ಕಾಲು ಸುತ್ತನ್ನ ಮೆಷಿನ್ನನ್ನೇ ಸ್ಕ್ರೂಡ್ರೈವರ್ ಥರ ಕೈಯಲ್ಲಿ ತಿರುಗಿಸಿ ಬಿಗಿ ಮಾಡ್ಬೋದು. ಈ ಲಾಕ್ ಇಲ್ಲದ್ದು ಎಷ್ಟೇ ಅಗ್ಗಕ್ಕೆ ಸಿಕ್ರೂ ನಾನು ತಗೊಳ್ಳಿ ಅನ್ನಲ್ಲ.

ಪ್ರಶ್ನೆ: ತೀರ್ಥಹಳ್ಳಿ ಹತ್ರ ಹಳೇ ಮನೆ. ಬಾಗಿಲಿನ ಹಿಂಜ್ ಬದಲಾಯಿಸೋಕೆ ಹೋದ್ರೆ ಸ್ಕ್ರೂ ಅರ್ಧಕ್ಕೆ ನಿಂತು ತಲೆ ಸವೆದು ಗುಂಡಾಗ್ತಾ ಇದೆ, ಎರಡು ಸ್ಕ್ರೂ ಮುರಿದೇ ಹೋಯ್ತು. ಮೆಷಿನ್ ವೀಕಾ?

ಮೆಷಿನ್ ತಪ್ಪಲ್ಲ ಸರ್. ನನಗೆ ಬರೋ ಹತ್ತು ದೂರಲ್ಲಿ ಎಂಟು ಇದೇ, ಎಲ್ರೂ ಇದಕ್ಕಿಂತ ದೊಡ್ಡ ಮೆಷಿನ್ ತಗೊಳ್ಳೋ ಯೋಚನೆ ಮಾಡ್ತಾರೆ, ನೂರಿನ್ನೂರು ರೂಪಾಯಿ ಬಿಟ್ಟಲ್ಲಿ ಮುಗಿಯೋದಕ್ಕೆ ಸಾವಿರಗಟ್ಟಲೆ ಸುರೀತಾರೆ.

ಮೊದಲು ತಲೆ ಸವೆಯೋದು. ನಾವೆಲ್ಲ ಸ್ಟಾರ್ ಅಂತ ಕರೆಯೋ ಸ್ಕ್ರೂನಲ್ಲಿ ಎರಡು ಜಾತಿ ಇದೆ. ಒಂದು ಫಿಲಿಪ್ಸ್, ಅಮೆರಿಕದಲ್ಲಿ ಹೆನ್ರಿ ಫಿಲಿಪ್ಸ್ ಅನ್ನೋರು 1936ರಲ್ಲಿ ಪೇಟೆಂಟ್ ತಗೊಂಡಿದ್ದು. ಅದರ ಕುಳಿಯ ಗೋಡೆ ಇಳಿಜಾರಾಗಿರುತ್ತೆ, ಬಲ ಜಾಸ್ತಿ ಆದ ಹಾಗೆ ಬಿಟ್ಟು ತಾನಾಗೇ ಮೇಲಕ್ಕೆ ಜಾರುತ್ತೆ. ಇನ್ನೊಂದು ಆಮೇಲೆ ಬಂದ ಪೋಜಿಡ್ರೈವ್, ಸ್ಕ್ರೂ ತಲೆ ಮೇಲೆ ಕೂಡು ಗುರುತಿನ ನಾಲ್ಕು ಕೈಗಳ ನಡುವೆ ಇನ್ನೂ ನಾಲ್ಕು ಸಣ್ಣ ಗೀರು ಕಂಡ್ರೆ ಅದು ಪೋಜಿ. ಇದರ ಗೋಡೆ ನೆಟ್ಟಗಿರೋದ್ರಿಂದ ಅಷ್ಟು ಜಾರಲ್ಲ. ಪೋಜಿ ಸ್ಕ್ರೂಗೆ ಫಿಲಿಪ್ಸ್ ಬಿಟ್ ಹಾಕಿದ್ರೆ ಕೂತ ಹಾಗೆ ಕಾಣುತ್ತೆ, ಆದ್ರೆ ತುದಿ ಮಾತ್ರ ತಾಗಿರುತ್ತೆ, ಬಲ ಬಿದ್ದ ತಕ್ಷಣ ಕಿತ್ತು ತಲೆ ಉಜ್ಜುತ್ತೆ. ಬಿಟ್ಟಿನ ಮೇಲೆ ಪಿಎಚ್2, ಪಿಜೆಡ್2 ಅಂತ ಕೆತ್ತಿರ್ತಾರೆ, ಪಿಎಚ್ ಅಂದ್ರೆ ಫಿಲಿಪ್ಸ್, ಪಿಜೆಡ್ ಅಂದ್ರೆ ಪೋಜಿ, ನೋಡಿ ಹಾಕಿ. 3.5ರಿಂದ 5 ಮಿಲಿಮೀಟರ್ ದಪ್ಪದ ಸ್ಕ್ರೂಗೆಲ್ಲ 2ನೇ ನಂಬರ್, ಸಣ್ಣದಕ್ಕೆ 1, ತುಂಬಾ ದಪ್ಪದ್ದಕ್ಕೆ 3. ಬಿಟ್ಟನ್ನ ಸ್ಕ್ರೂ ತಲೆಗೆ ಇಟ್ಟು ಕೈಯಲ್ಲಿ ಅಲ್ಲಾಡಿಸಿ, ಲೊಡಲೊಡ ಅಂದ್ರೆ ಅದು ಸರಿಯಾದ ಬಿಟ್ ಅಲ್ಲ. ಡಬ್ಬಿ ಜೊತೆ ಫ್ರೀ ಕೊಡೋ ಬಿಟ್ಟುಗಳು ಎಷ್ಟೋ ಸಲ ಮೆತ್ತಗಿರ್ತವೆ, ತುದಿ ಹೊಳೆಯೋ ಹಾಗೆ ಸವೆದಿದ್ರೆ ಎಸೆದುಬಿಡಿ. ಎಸ್2 ಅಂತ ಬರೆದಿರೋ, ಅಂದ್ರೆ ಗಟ್ಟಿ ಉಕ್ಕಿನ, ಬಿಟ್ಟು ಎರಡು ತಂದಿಟ್ಕೊಳ್ಳಿ, ಬೆಂಗಳೂರಿಗೆ ಬಂದಾಗ ಎಸ್‌ಪಿ ರೋಡಲ್ಲಿ ಬೇಕಾದಷ್ಟು ಸಿಗುತ್ತೆ, ಶಿವಮೊಗ್ಗದ ದೊಡ್ಡ ಹಾರ್ಡ್‌ವೇರ್ ಅಂಗಡಿಗಳಲ್ಲೂ ಕೇಳಿ ನೋಡಿ.

ಇನ್ನು ಅರ್ಧಕ್ಕೆ ನಿಲ್ಲೋದು, ಮುರಿಯೋದು. ನಿಮ್ಮ ಕಡೆ ಹಳೇ ಮನೆ ಬಾಗಿಲು ಅಂದ್ರೆ ಹಲಸೋ, ಹೊನ್ನೆಯೋ, ಮತ್ತಿಯೋ ಇರುತ್ತೆ, ವರ್ಷಾನುಗಟ್ಟಲೆ ಒಣಗಿ ಗಟ್ಟಿಯಾದ ಮರ. ಅದಕ್ಕೆ ಸೀದಾ ಸ್ಕ್ರೂ ತುರುಕಿದ್ರೆ ಯಾವ ಮೆಷಿನ್ನಲ್ಲೂ ಒಳ್ಳೇದಾಗಲ್ಲ, ಬಲ ಇಲ್ಲದ್ದು ನಿಲ್ಲುತ್ತೆ, ಬಲ ಇರೋದು ಸ್ಕ್ರೂ ಮುರಿಯುತ್ತೆ ಇಲ್ಲಾ ಚೌಕಟ್ಟು ಸೀಳುತ್ತೆ. ಮೊದಲು ಸಣ್ಣ ತೂತು ಹೊಡ್ಕೊಳ್ಳಿ, 4 ಮಿಲಿಮೀಟರ್ ಸ್ಕ್ರೂಗೆ ಮೆತ್ತನೆ ಮರದಲ್ಲಿ 2.5, ಗಟ್ಟಿ ಮರದಲ್ಲಿ 3 ಮಿಲಿಮೀಟರ್. ಆರುಮೂಲೆ ಬುಡ ಇರೋ ಡ್ರಿಲ್ ಬಿಟ್ ಸಿಗುತ್ತೆ, ಅದು ನಿಮ್ಮ ಪುಟ್ಟ ಮೆಷಿನ್ನಿಗೇ ಕೂರುತ್ತೆ, ನಿಧಾನ ಆಗುತ್ತೆ ಆದ್ರೆ ಆಗುತ್ತೆ, ಮಧ್ಯೆ ಮಧ್ಯೆ ಹೊರಗೆ ಎಳೆದು ಪುಡಿ ತೆಗೀತಾ ಇರಿ. ಆಮೇಲೆ ಸ್ಕ್ರೂ ಎಳೆಗೆ ಮೇಣದ ಬತ್ತಿ ಉಜ್ಜಿ ಹಾಕಿ. ಸುಮಾರು ಜನ ಸೋಪು ಉಜ್ತಾರೆ, ಸೋಪು ನೀರು ಎಳ್ಕೊಳ್ಳುತ್ತೆ, ನಿಮ್ಮ ಮಳೆಗಾಲದಲ್ಲಿ ಸ್ಕ್ರೂ ತುಕ್ಕು ಹಿಡಿದು ಇನ್ನೊಂದು ಸಲ ಬಿಚ್ಚೋಕೇ ಬರಲ್ಲ, ಅದಕ್ಕೇ ಮೇಣ ಅಂದಿದ್ದು.

ಮುರಿದಿದ್ದು ಕಪ್ಪು ಬಣ್ಣದ ಸ್ಕ್ರೂನಾ? ಅದು ಜಿಪ್ಸಮ್ ಶೀಟಿಗೆ ಅಂತ ಮಾಡಿರೋದು, ಗಟ್ಟಿ ಇರುತ್ತೆ ಆದ್ರೆ ಬಾಗಲ್ಲ, ಪಟಕ್ಕಂತ ಮುರಿಯುತ್ತೆ. ಬಾಗಿಲ ಭಾರ ಹೊರೋ ಜಾಗಕ್ಕೆ ಅದನ್ನ ಹಾಕ್ಲೇಬೇಡಿ, ಸ್ಟೀಲ್ ವುಡ್ ಸ್ಕ್ರೂ ಹಾಕಿ. ಹಿತ್ತಾಳೆ ಸ್ಕ್ರೂನೇ ಬೇಕು ಅಂದ್ರೆ ಮೊದಲು ಅದೇ ಅಳತೆ ಸ್ಟೀಲ್ ಸ್ಕ್ರೂ ಹಾಕಿ ಬಿಚ್ಚಿ, ಎಳೆ ಬಿದ್ದ ಮೇಲೆ ಹಿತ್ತಾಳೇದನ್ನ ಕೈಯಲ್ಲಿ ಹಾಕಿ. ಹಳೇ ತೂತು ಲೂಸಾಗಿದ್ರೆ ತಲೆ ಮುರಿದ ಬೆಂಕಿಕಡ್ಡಿಗೆ ಫೆವಿಕಾಲ್ ಹಚ್ಚಿ ತುಂಬಿ, ಒಂದು ರಾತ್ರಿ ಒಣಗೋಕೆ ಬಿಟ್ಟು, ಅದರ ಮೇಲೆ ಸ್ಕ್ರೂ.

ಹಿಡಿಯೋ ರೀತಿನೂ ಇದೆ. ಬಿಟ್ಟು ಸ್ಕ್ರೂ ಎರಡೂ ಒಂದೇ ಗೆರೆಯಲ್ಲಿರಬೇಕು, ಹಿಂದಿಂದ ಚೆನ್ನಾಗಿ ಒತ್ತಬೇಕು. ಒತ್ತದೇ ಬರೀ ಸ್ವಿಚ್ ಹಿಡಿದ್ರೆ ಫಿಲಿಪ್ಸ್ ಜಾರೇ ಜಾರುತ್ತೆ.

ಪ್ರಶ್ನೆ: ಮೂತಿ ಮೇಲೆ 1, 2, 3 ಅಂತ ನಂಬರ್ ಇದೆ, ಅದು ಸ್ಪೀಡಾ?

ಸ್ಪೀಡ್ ಅಲ್ಲ, ಕ್ಲಚ್ಚು. ಇಷ್ಟು ಬಿಗಿ ಆದ ಮೇಲೆ ಮುಂದೆ ತಿರುಗಬೇಡ ಅಂತ ಹೇಳೋದು, ಆಗ ಟಕಟಕ ಅಂತ ಸದ್ದು ಮಾಡಿ ಮೂತಿ ನಿಲ್ಲುತ್ತೆ. ಕೆಟ್ಟೋಯ್ತು ಅಂತ ಗಾಬರಿ ಆಗಿ ಎಷ್ಟೋ ಜನ ವಾಪಸ್ ಕಳಿಸ್ತಾರೆ. ಯಾವಾಗ್ಲೂ 1ರಿಂದ ಶುರು ಮಾಡಿ, ಸ್ಕ್ರೂ ತಲೆ ಕೂರೋ ಮೊದಲೇ ಟಕಟಕ ಅಂದ್ರೆ ಮಾತ್ರ ಒಂದೊಂದೇ ಏರಿಸಿ. ಬಿಚ್ಚೋವಾಗ ಕೊನೇ ನಂಬರಲ್ಲಿಡಿ.

ಪ್ರಶ್ನೆ: ಸ್ವಿಚ್ ಬೋರ್ಡ್ ಬಿಚ್ಚೋಕೆ ಬಳಸ್ಬೋದಾ? ಹಿಡಿ ಪ್ಲಾಸ್ಟಿಕ್ಕೇ ಅಲ್ವಾ?

ದಯವಿಟ್ಟು ಇದನ್ನ ಗಮನ ಕೊಟ್ಟು ಓದಿ. ಹಿಡಿ ಪ್ಲಾಸ್ಟಿಕ್ ಇದ್ದ ಮಾತ್ರಕ್ಕೆ ಶಾಕ್ ತಡೆಯುತ್ತೆ ಅಂತಲ್ಲ, ಬಿಟ್ಟು, ಬಿಟ್ ಹೋಲ್ಡರ್ ಎಲ್ಲ ಬರೀ ಕಬ್ಬಿಣ, ಬೆರಳು ಅದರ ಪಕ್ಕದಲ್ಲೇ ಇರುತ್ತೆ. ಕರೆಂಟ್ ಕೆಲಸಕ್ಕೆ ಮಾಡಿರೋ ಸ್ಕ್ರೂಡ್ರೈವರ್ ಮೇಲೆ 1000 ವೋಲ್ಟ್ ಅಂತ ಬರೆದು ಜೋಡಿ ತ್ರಿಕೋನದ ಗುರುತು ಹಾಕಿರ್ತಾರೆ, ಕಡ್ಡಿಗೆ ತುದಿವರೆಗೂ ಕವಚ ಇರುತ್ತೆ, ಈ ಮೆಷಿನ್ನಿಗೆ ಅದೇನೂ ಇಲ್ಲ. ಹಾಗಾಗಿ ಕರೆಂಟ್ ಪೂರ್ತಿ ತೆಗೆದ ಮೇಲೆ ಮಾತ್ರ. ಪೂರ್ತಿ ಅಂದ್ರೆ ಮನೇಲಿ ಯುಪಿಎಸ್ ಇದ್ರೆ ಅದನ್ನೂ ಆಫ್ ಮಾಡಿ, ಯಾಕಂದ್ರೆ ಮೇನ್ ಇಳಿಸಿದ ತಕ್ಷಣ ಅದು ಪವರ್ ಕಟ್ ಅಂದ್ಕೊಂಡು ಲೈಟು ಫ್ಯಾನಿನ ಲೈನಿಗೆ ತಾನೇ ಕರೆಂಟ್ ಕೊಡೋಕೆ ಶುರು ಮಾಡುತ್ತೆ. ಟೆಸ್ಟರನ್ನ ಮೊದಲೇ, ಕರೆಂಟ್ ಇರೋವಾಗ, ಒಂದು ಸಲ ಇಟ್ಟು ದೀಪ ಹತ್ತುತ್ತೆ ಅಂತ ಖಾತ್ರಿ ಮಾಡ್ಕೊಂಡು, ಆಮೇಲೆ ಆಫ್ ಮಾಡಿ ಮತ್ತೆ ನೋಡಿ. ಪ್ಲೇಟಿನ ಸ್ಕ್ರೂ ವಾಪಸ್ ಹಾಕೋವಾಗ ಕ್ಲಚ್ 1ರಲ್ಲಿ, ಕೊನೇ ಒಂದು ಸುತ್ತು ಕೈಯಲ್ಲಿ, ಇಲ್ಲಾಂದ್ರೆ ಪ್ಲಾಸ್ಟಿಕ್ ಫ್ರೇಮ್ ಬಿರುಕು ಬಿಡುತ್ತೆ. ವೈರ್ ಕೂರಿಸೋ ಟರ್ಮಿನಲ್ ಸ್ಕ್ರೂಗಳಿಗೆ ಮೆಷಿನ್ ಬೇಡವೇ ಬೇಡ.

ಪ್ರಶ್ನೆ: ಧಾರವಾಡದಿಂದ ಬರೀಲಿಕತ್ತೀನ್ರಿ. ನನಗ 68 ವರ್ಷ, ಮಣಿಕಟ್ಟಿನ ನೋವು ಅದ. ಪೆನ್ನಿನಂಗ ನೆಟ್ಟಗಿರೋದು ಛಲೋನೋ, ಪಿಸ್ತೂಲಿನಂಗ ಬಾಗಿರೋದು ಛಲೋನೋ?

ಬಾಗಿರೋದನ್ನೇ ತಗೊಳ್ಳಿ ಸರ್. ಸ್ಕ್ರೂ ಬಿಗಿಯಾಗಿ ನಿಂತಾಗ ಮೆಷಿನ್ನು ತಿರುಗುಮುರುಗಾಗಿ ನಿಮ್ಮ ಕೈಯನ್ನೇ ತಿರುಚೋಕೆ ನೋಡುತ್ತೆ. ನೆಟ್ಟಗಿರೋದ್ರಲ್ಲಿ ಆ ತಿರುಚು ಸೀದಾ ಮಣಿಕಟ್ಟಿಗೇ ಬರುತ್ತೆ, ಗಟ್ಟಿಯಾಗಿ ಹಿಂಡಿ ಹಿಡಿದೇ ತಡೀಬೇಕು. ಬಾಗಿದ ಹಿಡಿಯಲ್ಲಿ ಕೈ, ಬಿಟ್ ತಿರುಗೋ ನಡುಗೆರೆಯಿಂದ 10 ಸೆಂಟಿಮೀಟರ್ ದೂರ ಇದ್ರೆ 5 ನ್ಯೂಟನ್ ಮೀಟರಿಗೆ ಸುಮಾರು 5 ಕೆಜಿ ತಳ್ಳಿದಷ್ಟು ಬಲ, ಅದನ್ನ ಇಡೀ ತೋಳು ತಡ್ಕೊಳ್ಳುತ್ತೆ. ಮೂತಿ ಒತ್ತಿದ್ರೆ ಶುರು ಆಗೋ ಮಾಡೆಲ್ ಬೇಡ, ಬೆರಳಲ್ಲಿ ಒತ್ತೋ ಸ್ವಿಚ್ ಇರ್ಲಿ. ತೂಕ 300ರಿಂದ 400 ಗ್ರಾಂ ದಾಟದ್ದನ್ನ ನೋಡಿ, ಮತ್ತೆ ಆದಷ್ಟು ಅಂಗಡಿಗೆ ಹೋಗಿ ಕೈಯಲ್ಲಿ ಹಿಡಿದೇ ತಗೊಳ್ಳಿ, ಹಿಡಿ ದಪ್ಪ ನಿಮ್ಮ ಕೈಗೆ ಸರಿ ಇದೆಯಾ ಅಂತ ಫೋಟೋದಲ್ಲಿ ಗೊತ್ತಾಗಲ್ಲ.

ಪ್ರಶ್ನೆ: ಒಂದು ವರ್ಷ ಕಪಾಟಲ್ಲಿಟ್ಟಿದ್ದೆ, ಈಗ ಚಾರ್ಜೇ ಆಗ್ತಿಲ್ಲ. ಪೂರ್ತಿ ಖಾಲಿ ಮಾಡಿ ಇಟ್ರೆ ಬ್ಯಾಟರಿಗೆ ಒಳ್ಳೇದು ಅಂತ ಹೇಳಿದ್ರು.

ಆ ಮಾತು ಹಳೇ ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಕಾಲದ್ದು. 2003ರಲ್ಲಿ ಬಾಷ್ ಕಂಪನಿ ಇಕ್ಸೋ ಅನ್ನೋ ಪುಟ್ಟ ಸ್ಕ್ರೂಡ್ರೈವರಿಗೆ ಲಿಥಿಯಂ ಬ್ಯಾಟರಿ ಹಾಕಿ ತಂದ ಮೇಲೆ ಈ ಜಾತಿ ಮೆಷಿನ್ನೆಲ್ಲ ನಿಧಾನಕ್ಕೆ ಲಿಥಿಯಂಗೆ ಬಂದ್ವು, ಇದರ ನಿಯಮ ಬೇರೆ. ಖಾಲಿ ಮಾಡಿ ತಿಂಗಳುಗಟ್ಟಲೆ ಇಟ್ರೆ ಸೆಲ್ಲು ತೀರಾ ಕೆಳಗೆ ಇಳಿದು, ಒಳಗಿನ ಸುರಕ್ಷತೆ ಸರ್ಕ್ಯೂಟು ಇನ್ನು ಚಾರ್ಜ್ ಮಾಡ್ಬಾರ್ದು ಅಂತ ಬಾಗಿಲು ಹಾಕುತ್ತೆ. ಫುಲ್ ಮಾಡಿ ಬಿಸಿ ಜಾಗದಲ್ಲಿಟ್ರೂ ಸೆಲ್ ಬೇಗ ಮುದಿಯಾಗುತ್ತೆ. ಅರ್ಧ ಚಾರ್ಜಲ್ಲಿ ತಣ್ಣಗಿನ ಒಣ ಜಾಗದಲ್ಲಿಡಿ, ಮೂರ್ನಾಲ್ಕು ತಿಂಗಳಿಗೊಂದು ಸಲ ತೆಗೆದು ನೋಡಿ. ರಾಯಚೂರು, ಕಲಬುರಗಿ ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಂತೂ ಬಿಡಲೇಬೇಡಿ.

ನಿಮ್ಮದು ಸತ್ತೇ ಹೋಗಿದೆ ಅನ್ನೋಕೆ ಮುಂಚೆ ಕೇಬಲ್ ನೋಡಿ. ಕೆಲವು ಅಗ್ಗದ ಮಾಡೆಲಲ್ಲಿ ಟೈಪ್ ಸಿ ತೂತಿದ್ರೂ ಎರಡೂ ಕಡೆ ಸಿ ಇರೋ ಕೇಬಲ್ಲಿಗೆ ಚಾರ್ಜ್ ತಗೊಳ್ಳಲ್ಲ, ಚಾರ್ಜರ್ ಕಡೆ ಅಗಲದ ಹಳೇ ಯುಎಸ್‌ಬಿ ಇರೋ ಕೇಬಲ್ ಹಾಕಿದ್ರೆ ತಗೊಳ್ಳುತ್ತೆ. ಅದಕ್ಕೂ ಆಗಲಿಲ್ಲ ಅಂದ್ರೆ ಸರ್ವಿಸ್ ಸೆಂಟರಿಗೆ ಕೊಟ್ಟು ಸೆಲ್ ಬದಲಾಯಿಸಿ, ಮನೇಲಿ ಬಿಚ್ಚಿ ಸೆಲ್ಲಿಗೆ ನೇರ ಬೆಸುಗೆ ಹಾಕೋಕೆ ಹೋಗ್ಬೇಡಿ, ಬಿಸಿಗೆ ಬೆಂಕಿ ಹತ್ತೋ ಸಾಮಾನು ಅದು. ಹಳೇ ಸೆಲ್ಲನ್ನ ಕಸದ ಗಾಡಿಗೆ ಹಾಕಬೇಡಿ, 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ವಾಪಸ್ ಸಂಗ್ರಹಿಸೋ ಹೊಣೆ ತಯಾರಕರದ್ದು, ಸರ್ವಿಸ್ ಸೆಂಟರಲ್ಲೇ ಕೊಟ್ಟುಬನ್ನಿ.

ಪ್ರಶ್ನೆ: ಇದೇ ಮೆಷಿನ್ನಲ್ಲಿ ಲ್ಯಾಪ್‌ಟಾಪ್ ಬಿಚ್ಬೋದಾ?

ಬೇಡ. ಆ ಸ್ಕ್ರೂಗಳು 2 ಮಿಲಿಮೀಟರ್ ದಪ್ಪದ್ದು, ಕ್ಲಚ್ 1ರಲ್ಲಿಟ್ರೂ ಈ ಮೆಷಿನ್ನು ಅದಕ್ಕೆ ಜಾಸ್ತಿನೇ, ತಲೆ ಕಿತ್ತುಬರುತ್ತೆ. 4 ಮಿಲಿಮೀಟರ್ ಬಿಟ್ ಕೂರೋ ಪೆನ್ನಿನಂಥ ಬೇರೆ ಮೆಷಿನ್ ಸಿಗುತ್ತೆ, ಅದರಲ್ಲೂ ಮೊದಲ ಸಡಿಲ ಕೈಯಲ್ಲಿ ಮಾಡಿ, ಪೂರ್ತಿ ಹೊರಗೆ ತೆಗೆಯೋಕಷ್ಟೇ ಮೋಟರ್ ಓಡಿಸಿ. ವರ್ಷಕ್ಕೊಂದು ಸಲ ಧೂಳು ತೆಗೆಯೋಕೆ ಅಂದ್ರೆ ಸಾಧಾರಣ ವಾಚ್ ರಿಪೇರಿ ಸ್ಕ್ರೂಡ್ರೈವರ್ ಸೆಟ್ಟೇ ಸಾಕು.